ಕಾಲಿಗೆ ಎಟುಕದ ಸೈಕಲ್ಲು



ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಹೀಗೆ ನಾಲ್ಕೂ ತಾಲ್ಲೂಕುಗಳಲ್ಲಿ ಪಾಠ ಹೇಳಿದ ನನಗೆ ಸೈಕಲ್ಲಿನ ಚರಿತ್ರೆಯೆಂದರೆ ಮುಖ್ಯವಾಗಿ ಕಾಲು ಎಟುಕದವರ ಚರಿತ್ರೆ.

ಹತ್ತೊಂಬತ್ತನೆಯ ಶತಮಾನದ ಎತ್ತರದ ಗಾಲಿಯ ಸೈಕಲ್ಲಿನಲ್ಲಿ ಪೆಡಲುಗಳು ಮುಂದಿನ ಗಾಲಿಯ ಅಚ್ಚಿಗೇ ಇದ್ದವು. ಆದ್ದರಿಂದ ಸವಾರನ ಕಾಲಿನ ಉದ್ದ ನೋಡಿಯೇ ಗಾಲಿಯನ್ನು ಆರಿಸಬೇಕಾಗಿತ್ತು, ಷರಾಯಿ ಹೊಲಿಸಿದಂತೆ! 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಹಿಂದಿನ ಗಾಲಿಗೆ ಚೈನು ಹೂಡಿದ ‘ರೋವರ್’ ಸೈಕಲ್ಲನ್ನು ಹೊರತಂದ ಮೇಲೆ ಆ ಕಟ್ಟುಪಾಡು ಹೋಯಿತು. ನಮ್ಮಲ್ಲಿ 1951ರಲ್ಲಿ ಅಟ್ಲಾಸ್, 1956ರಲ್ಲಿ ಹೀರೋ ಕಂಪನಿಗಳು ಹುಟ್ಟಿದವು. ಊರೂರಿಗೆ ಬಂದದ್ದು 28 ಇಂಚಿನ ಗಾಲಿಯ, 22 ಅಥವಾ 24 ಇಂಚಿನ ಫ್ರೇಮಿನ ಕರಿಯ ಸೈಕಲ್ಲು. ಅದು ಬೆಳೆದ ಗಂಡಸಿನ ಅಳತೆ. ಸೀಟನ್ನು ಪೂರ್ತಿ ಇಳಿಸಿದರೂ ಫ್ರೇಮಿಗಿಂತ ಕೆಳಗೆ ಹೋಗದು.

ಅದಕ್ಕೇ ನಮ್ಮ ಹುಡುಗರು ಅಡ್ಡಕಂಬಿಯ ಕೆಳಗೆ ಕಾಲು ತೂರಿಸಿ, ಮೈಯನ್ನು ಓರೆ ಮಾಡಿ ‘ಒಳಪೆಡಲು’ ತುಳಿದರು. ನಿಮ್ಮಲ್ಲಿ ಅನೇಕರ ಮೊಣಕಾಲಿನ ಗಾಯದ ಗುರುತು ಇದಕ್ಕೆ ಸಾಕ್ಷಿ. ಕೆಲವರು ಸೀಟು ಕಳಚಿ, ಕಂಬಿಗೆ ಗೋಣಿತಾಟು ಸುತ್ತಿ ಅದರ ಮೇಲೆಯೇ ಕೂರುತ್ತಿದ್ದರು. ಕಂಬಿಯನ್ನೇ ಕತ್ತರಿಸುವುದು ಮಾತ್ರ ಅವಿವೇಕ. ಫ್ರೇಮಿನ ತ್ರಿಕೋನದ ಬಲವೆಲ್ಲ ಅದರಿಂದಲೇ.

2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಯೋಜನೆಯನ್ನು ಆರಂಭಿಸಿತು. ಹೆಣ್ಣುಮಕ್ಕಳಿಗೆ ಅಡ್ಡಕಂಬಿಯಿಲ್ಲದ ಸೈಕಲ್ಲು ದೊರೆತದ್ದು ಸಣ್ಣ ಸಂಗತಿಯಲ್ಲ. ಆದರೆ ನಾಗಮಂಗಲ ತಾಲ್ಲೂಕಿನ ನನ್ನ ವಿದ್ಯಾರ್ಥಿನಿಯೊಬ್ಬಳು ತೀರ ಕುಳ್ಳಿ. ಸೀಟು ತಳ ಮುಟ್ಟಿದರೂ ಅವಳ ಪಾದ ಪೆಡಲಿಗೆ ಎರಡು ಇಂಚು ಮೇಲೆಯೇ ಉಳಿಯುತ್ತಿತ್ತು. ಶಾಲೆಗೆ ಐದು ಕಿಲೋಮೀಟರ್. “ಇವಳಿಗೆ ಆಗದು ಸಾರ್, ಡೇರಿಗೆ ಹಾಲು ಹಾಕಲಿಕ್ಕಾದರೂ ಆಗಲಿ” ಎಂದರು ತಂದೆ. ಸೈಕಲ್ಲು ಡೇರಿಗೆ ಹೋದರೆ ಹುಡುಗಿ ಮನೆಯಲ್ಲಿ ಉಳಿಯುವಳೆಂದು ನನಗೆ ತಿಳಿದಿತ್ತು.

ಸೈಕಲ್ ಷಾಪಿನವರು ಮೊದಲು ಪೆಡಲಿನ ಒಂದೇ ಮಗ್ಗುಲಿಗೆ ಮರದ ತುಂಡು ಕಟ್ಟಿದರು. ಭಾರದ ಮಗ್ಗುಲು ಕೆಳಗೆ ತಿರುಗಿ, ಅವಳ ಪಾದಕ್ಕೆ ಖಾಲಿ ಮಗ್ಗುಲೇ ಸಿಕ್ಕಿತು. ಮರುದಿನ ಎರಡೂ ಮಗ್ಗುಲಿಗೆ ಎರಡೆರಡು ಇಂಚಿನ ತುಂಡುಗಳನ್ನು ಇಟ್ಟು, ಉದ್ದನೆಯ ಬೋಲ್ಟು ಹಾಕಿ ಬಿಗಿದರು. ಜಾರದಿರಲೆಂದು ಮೇಲೆ ಹಳೆಯ ಟಯರಿನ ಚೂರುಗಳನ್ನು ಮೊಳೆ ಹೊಡೆದು ಕೂರಿಸಿದರು. ಹ್ಯಾಂಡಲ್ಲನ್ನೂ ತುಸು ಇಳಿಸಿದರು. ಹಾಲಿನ ಕ್ಯಾನು ತಂದೆಯ ಹಳೆಯ ಸೈಕಲ್ಲಿನಲ್ಲೇ ಉಳಿಯಿತು.

ಹತ್ತನೆಯ ತರಗತಿ ಮುಗಿಯುವವರೆಗೂ ಆ ತುಂಡುಗಳನ್ನು ಬಿಚ್ಚಲಿಲ್ಲ. ಸವೆದವೆಂದು ಎರಡು ಬಾರಿ ಹೊಸವನ್ನು ಹಾಕಿಸಿದ್ದುಂಟು.