ಅಮೆರಿಕಾದ ಪೆಟ್ಟಿಗೆ, ಧಾರವಾಡದ ಕರೆಂಟು: ಹೈ-ಫೈ ನಮ್ಮ ಮನೆಗೆ ಬಂದ ಕಥೆ

ಮಾತು ಶುರು ಮಾಡೋ ಮೊದಲು ಒಂದು ಚಿಕ್ಕ ಕೆಲಸ ಕೊಡ್ತೀನಿ. ನಿಮ್ಮ ಲ್ಯಾಪ್‌ಟಾಪ್ ಚಾರ್ಜರ್ ತಿರುಗಿಸಿ, ಹಿಂದಿನ ಸಣ್ಣ ಅಕ್ಷರ ಓದಿ. "100-240 ವೋಲ್ಟ್, 50/60 ಹರ್ಟ್ಸ್" ಅಂತ ಇರುತ್ತೆ. ಆನ್‌ಸೈಟ್‌ಗೆ ಹೋದವರೆಲ್ಲ ಈ ಚಾರ್ಜರನ್ನ ಅಲ್ಲಿ ಚುಚ್ಚಿದ್ದೀರಿ, ವಾಪಸ್ ಬಂದು ಪುಣೆಯಲ್ಲೋ ಹೈದರಾಬಾದ್‌ನಲ್ಲೋ ಚುಚ್ಚಿದ್ದೀರಿ. ಏನೂ ಆಗಿಲ್ಲ. ಆ ಒಂದು ಸಾಲು ಇಲ್ಲದ ಕಾಲದಲ್ಲಿ ನಮ್ಮ ಮನೆಯಲ್ಲಿ ಇಬ್ಬರ ನಡುವೆ ಮಾತು ಕಡಿಮೆಯಾಗಿತ್ತು. ಇವತ್ತು ಆ ಕಥೆ, ಅದರ ಹಿಂದಿರೋ ಇತಿಹಾಸ.

1974. ನಮ್ಮ ಸೋದರಮಾವ ಅಮೆರಿಕಾದಲ್ಲಿ ಓದು ಮುಗಿಸಿ ಊರಿಗೆ ಬಂದ್ರು. ಅಪ್ಪನಿಗೆ ಹಿಂದೂಸ್ತಾನಿ ಸಂಗೀತದ ಹುಚ್ಚು ಅಂತ ಅವರಿಗೆ ಗೊತ್ತಿತ್ತು, ಒಂದು ಟರ್ನ್‌ಟೇಬಲ್ ತಂದ್ರು. ಭಾರವಾದ ತಿರುಗೋ ತಟ್ಟೆಯನ್ನ ಬಿಚ್ಚಿ ಸ್ವೆಟರಿನಲ್ಲಿ ಸುತ್ತಿ, ಮುಳ್ಳಿನ ಕೈಯನ್ನ ದಾರದಿಂದ ಕಟ್ಟಿ, ಬಾಂಬೆ ವಿಮಾನ ನಿಲ್ದಾಣದಲ್ಲಿ ಸುಂಕ ಕಟ್ಟಿ ಬಿಡಿಸ್ಕೊಂಡು, ಮೀರಜ್‌ನಲ್ಲಿ ಬ್ರಾಡ್‌ಗೇಜ್ ಗಾಡಿಯಿಂದ ಮೀಟರ್‌ಗೇಜ್ ಗಾಡಿಗೆ ಏರಿಸಿ ಧಾರವಾಡಕ್ಕೆ ಮುಟ್ಟಿಸಿದ್ರು. ಅಲ್ಲಿ 120 ವೋಲ್ಟ್, ಇಲ್ಲಿ 230. ಅದು ಮಾವನಿಗೆ ಗೊತ್ತಿತ್ತು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೊಂಡು ಹಾಕಿದ್ರು. ಪ್ಲೇಟು ತಿರುಗ್ತು. ಭೀಮಸೇನ ಜೋಶಿಯವರ ಖ್ಯಾಲ್.

ಅಪ್ಪ ಎರಡು ನಿಮಿಷ ಕೇಳಿ, "ಇದು ಭೀಮಸೇನರ ದನಿ ಅಲ್ಲ" ಅಂದ್ರಂತೆ.

ಹಾರ್ಮೋನಿಯಂ ತಂದು ನೋಡಿದ್ರು. ಬಿಳಿ-ಕಪ್ಪು ಸೇರಿ ಮೂರು ಕೀ ಕೆಳಗೆ. ಅದೇ ಪ್ಲೇಟನ್ನ ಪಕ್ಕದ ಮನೆಯ ಎಚ್‌ಎಂವಿ ಫಿಯೆಸ್ಟಾದಲ್ಲಿ ಹಾಕಿದ್ರೆ ಎಲ್ಲ ಸರಿ! ಡಮ್‌ಡಮ್‌ನ ಕಂಪನಿಯ ಅಗ್ಗದ ಪೆಟ್ಟಿಗೆ ಸುರಿಗೆ ಹಾಡ್ತಿದೆ, ಅಮೆರಿಕಾದ ಹೈ-ಫೈ ಹಾಡ್ತಿಲ್ಲ. ರೇಡಿಯೋ ರಿಪೇರಿಯವರು ಟ್ರಾನ್ಸ್‌ಫಾರ್ಮರ್ ವೀಕು ಅಂದ್ರು. ಅದನ್ನ ಬದಲಿಸಿದ್ರೂ ಅಷ್ಟೇ. ಕೊನೆಗೆ ಮನೆಯಲ್ಲಿ ಬಾಯಿಬಿಟ್ಟು ಹೇಳದಿದ್ರೂ ತೀರ್ಮಾನ ಒಂದೇ ಆಯ್ತು: ಮಾವ ಯಾವುದೋ ಕೆಟ್ಟ ಸೆಕೆಂಡ್ ಹ್ಯಾಂಡ್ ಮಾಲು ತಂದು ಕೊಟ್ಟಿದ್ದಾರೆ. ಪೆಟ್ಟಿಗೆ ಅಟ್ಟ ಸೇರ್ತು. ಅಪ್ಪ-ಮಾವನ ನಡುವೆ ಮೊದಲಿನ ಸಲಿಗೆ ಉಳಿಯಲಿಲ್ಲ.

ಹಾಗಾದ್ರೆ ತಪ್ಪು ಯಾರದ್ದು? ಇದಕ್ಕೆ ನಾವು 1890ರ ದಶಕಕ್ಕೆ ಹೋಗ್ಬೇಕು.

ಎಸಿ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ-ಮುಂದೆ ಆಗ್ಬೇಕು ಅನ್ನೋದಕ್ಕೆ ಆಗ ಒಂದು ನಿಯಮ ಇರಲಿಲ್ಲ. ಅಮೆರಿಕಾದಲ್ಲಿ ವೆಸ್ಟಿಂಗ್‌ಹೌಸ್ ಕಂಪನಿ 60 ಆರಿಸ್ತು, ಜರ್ಮನಿಯಲ್ಲಿ ಎಇಜಿ 50 ಆರಿಸ್ತು. ನಮ್ಮ ಮೈಸೂರು ಸಂಸ್ಥಾನ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕಳಿಸಿದ್ದು 25 ಸೈಕಲ್‌ನ ಕರೆಂಟು! ಬ್ರಿಟನ್ ಮುಂದೆ 50ಕ್ಕೆ ನಿಂತ್ಕೊಳ್ತು, ನಾವೂ 50ಕ್ಕೆ ಬಂದ್ವಿ. ಜಪಾನಿನ ಕಥೆ ಇನ್ನೂ ಮಜಾ. ಟೋಕಿಯೋದವರು ಜರ್ಮನಿಯಿಂದ ಜನರೇಟರ್ ತರಿಸಿದ್ರು, ಒಸಾಕಾದವರು ಅಮೆರಿಕಾದಿಂದ. ಹಾಗಾಗಿ ಇವತ್ತಿಗೂ ಪೂರ್ವ ಜಪಾನ್ 50, ಪಶ್ಚಿಮ ಜಪಾನ್ 60.

ಬಲ್ಬಿಗೆ ಇದರಿಂದ ಅಂಥಾ ತೊಂದರೆ ಇಲ್ಲ. ಆದರೆ ಆ ಕಾಲದ ಎಷ್ಟೋ ಟರ್ನ್‌ಟೇಬಲ್‌ಗಳಲ್ಲಿ ಸಿಂಕ್ರೊನಸ್ ಮೋಟರ್ ಇರ್ತಿತ್ತು. ಅದರ ವೇಗ ವೋಲ್ಟೇಜಿನ ಮಾತು ಕೇಳಲ್ಲ, ಸೈಕಲ್‌ನ ಮಾತು ಮಾತ್ರ ಕೇಳುತ್ತೆ. 1948ರಲ್ಲಿ ಕೊಲಂಬಿಯಾ ತಂದ ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗಬೇಕು. 60ಕ್ಕೆ ಮಾಡಿದ ಮೋಟರನ್ನ 50ಕ್ಕೆ ಚುಚ್ಚಿದ್ರೆ ಅದು 27.8 ಸುತ್ತು ಮಾತ್ರ ತಿರುಗುತ್ತೆ. 20 ನಿಮಿಷದ ಖ್ಯಾಲ್ 24 ನಿಮಿಷ ಆಗುತ್ತೆ. ಷಡ್ಜ ಇರಬೇಕಾದ ಜಾಗದಲ್ಲಿ ಮಂದ್ರ ಸಪ್ತಕದ ಧೈವತ ಕೇಳುತ್ತೆ. ಅಂದ್ರೆ ಮೂರು ಕೀ ಕೆಳಗೆ. ಅಪ್ಪನ ಕಿವಿ ಸರಿಯಾಗೇ ಇತ್ತು, ಮಾವನ ಪೆಟ್ಟಿಗೆಯೂ ಸರಿಯಾಗೇ ಇತ್ತು. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಬದಲಿಸುತ್ತೆ, ಸೈಕಲ್ ಬದಲಿಸಲ್ಲ. ಈ ಒಂದು ಮಾತು ಹೇಳೋರು ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ.

ನೀವು ಕೇಳಬಹುದು, ಅಷ್ಟು ಕಷ್ಟ ಯಾಕೆ, ಇಲ್ಲೇ ಅಂಗಡಿಯಲ್ಲಿ ತಗೋಬಹುದಿತ್ತಲ್ಲ? ಅಂಗಡಿಯಲ್ಲಿ ಏನಿತ್ತು ಅಂತ ನೋಡೋಣ. ಆಗ ರೇಡಿಯೋ ಇಟ್ಕೊಳ್ಳೋಕೂ ಲೈಸೆನ್ಸ್ ಬೇಕು, ಪೋಸ್ಟಾಫೀಸಿಗೆ ಹೋಗಿ ಪ್ರತಿವರ್ಷ ದುಡ್ಡು ಕಟ್ಟಬೇಕು. ವಿದೇಶಿ ವಿನಿಮಯದ ಮೇಲೆ 1973ರ ಫೆರಾ ಕಾಯ್ದೆಯ ಬಿಗಿ. ಇಲ್ಲಿಂದ ಡಾಲರ್ ಕಳಿಸಿ ಸ್ಟೀರಿಯೋ ತರಿಸ್ಕೊಳ್ಳೋದು ಸಾಮಾನ್ಯ ನೌಕರನಿಗೆ ಆಗೋ ಮಾತಲ್ಲ. ಕಲ್ಕತ್ತಾದಲ್ಲಿ 1970ರಲ್ಲಿ ಸೋನೊಡೈನ್ ಶುರುವಾಗಿತ್ತು, ಬಾಂಬೆಯಲ್ಲಿ ಕಾಸ್ಮಿಕ್ ಇತ್ತು. ಒಳ್ಳೆ ಮಾಲೇ, ಆದರೆ ಆಯ್ಕೆ ಬೆರಳೆಣಿಕೆ. ಇನ್ನು ಸುಂಕ? 1991ರ ಬಜೆಟ್‌ನಲ್ಲಿ ಮನಮೋಹನ್ ಸಿಂಗ್ ಗರಿಷ್ಠ ಆಮದು ಸುಂಕವನ್ನ ಶೇಕಡಾ 150ಕ್ಕೆ *ಇಳಿಸಿದ್ರು*. ಇಳಿಸಿದ ಮೇಲೆ 150! ಅದಕ್ಕೂ ಮೊದಲಿನದ್ದು ನೀವೇ ಊಹಿಸಿ.

ಹಾಗಾಗಿ ಹೈ-ಫೈ ನಮ್ಮ ದೇಶಕ್ಕೆ ಹೆಚ್ಚಾಗಿ ಬಂದಿದ್ದು ಹಡಗಿನ ಕಂಟೇನರಿನಲ್ಲಿ ಅಲ್ಲ, ಯಾರದೋ ಸೂಟ್‌ಕೇಸಿನಲ್ಲಿ. ಯಾವ ಪೆಟ್ಟಿಗೆ ಚೆನ್ನಾಗಿ ಹಾಡುತ್ತೆ ಅನ್ನೋದು ಎರಡನೇ ಪ್ರಶ್ನೆ. ನೆಂಟರು ಯಾವ ದೇಶದಲ್ಲಿದ್ದಾರೆ ಅನ್ನೋದು ಮೊದಲನೇದು. ಮಂಗಳೂರು, ಉಡುಪಿ, ಭಟ್ಕಳದ ಮನೆಗಳಿಗೆ ದುಬೈನಿಂದ ಬಂದ ಟೂ-ಇನ್-ಒನ್‌ಗಳು ಚುಚ್ಚಿದ ಕೂಡಲೇ ಹಾಡಿದವು. ಯಾಕೆ? ದುಬೈ ಕರೆಂಟೂ ಸುಮಾರು ನಮ್ಮದೇ ಥರ, 50 ಸೈಕಲ್. ಜೊತೆಗೆ ಅವು ಸೆಲ್ ಮೇಲೂ ನಡೆಯೋ ಡಿಸಿ ಮೋಟರಿನವು. ಅಮೆರಿಕಾದ ನೆಂಟರಿದ್ದ ಮನೆಗಳಿಗೆ ಆ ಅದೃಷ್ಟ ಇರಲಿಲ್ಲ.

ಇದರಿಂದಲೇ 'ಅಪ್‌ಗ್ರೇಡ್' ಅನ್ನೋದಕ್ಕೆ ಆಗ ಅರ್ಥ ಬೇರೆ ಇತ್ತು. ಹಳೇದನ್ನ ಮಾರಿ ಹೊಸದು ತರೋದಲ್ಲ, ಇದ್ದದ್ದನ್ನ ನಮ್ಮ ಊರಿಗೆ ಒಗ್ಗಿಸೋದು. ಮುಳ್ಳು ಬದಲಿಸೋದು, ಬಡಗಿಯ ಹತ್ರ ಸ್ಪೀಕರ್ ಪೆಟ್ಟಿಗೆ ಮಾಡಿಸೋದು, ಟ್ರಾನ್ಸ್‌ಫಾರ್ಮರ್ ಸುತ್ತಿಸೋದು. ಮುಂಬೈಯ ಲ್ಯಾಮಿಂಗ್ಟನ್ ರೋಡ್, ಚೆನ್ನೈನ ರಿಚಿ ಸ್ಟ್ರೀಟ್, ದೆಹಲಿಯ ಲಜಪತ್ ರಾಯ್ ಮಾರ್ಕೆಟ್, ಹೈದರಾಬಾದಿನ ಕೋಠಿ, ಬೆಂಗಳೂರಿನ ಎಸ್‌ಪಿ ರೋಡ್... ನಾವು ಎಚ್‌ಡಿಎಂಐ ಕೇಬಲ್‌ಗೆ ಅಂತ ಹೋಗಿ ಬರೋ ಈ ಬೀದಿಗಳಲ್ಲಿ ಎಷ್ಟೋ ಅಂಗಡಿಗಳು ಬದುಕಿದ್ದೇ ಈ ಒಗ್ಗಿಸೋ ಕೆಲಸದಿಂದ.

ಕೆಲವು ವರ್ಷಗಳ ಹಿಂದೆ ಧಾರವಾಡದ ಮನೆಗೆ ಬಣ್ಣ ಹೊಡೆಸೋವಾಗ ಪೆಟ್ಟಿಗೆ ಅಟ್ಟದಿಂದ ಇಳೀತು. ತಳ ತಿರುಗಿಸಿ ನೋಡ್ದೆ. "120 ವೋಲ್ಟ್, 60 ಹರ್ಟ್ಸ್". ದಿನಾ ಸ್ಪೆಕ್ ಓದಿ ಹೊಟ್ಟೆ ಹೊರೆಯೋ ನನಗೆ ಒಂದೇ ಕ್ಷಣದಲ್ಲಿ ಹೊಳೀತು. ಪುಣೆಗೆ ತಂದೆ. ಮೋಟರಿನ ತುದಿಯಲ್ಲಿ ಬೆಲ್ಟ್ ಕೂರೋ ಒಂದು ಸಣ್ಣ ಪುಲ್ಲಿ ಇರುತ್ತೆ. ಮೋಟರ್ ಆರರಲ್ಲಿ ಐದು ಪಾಲು ವೇಗದಲ್ಲಿ ತಿರುಗಿದ್ರೆ, ಪುಲ್ಲಿ ಐದಕ್ಕೆ ಆರರಷ್ಟು ದಪ್ಪ ಇರಬೇಕು. 10 ಮಿಲಿಮೀಟರ್ ಇದ್ದರೆ 12 ಮಾಡಬೇಕು. ಅಷ್ಟೇ ಲೆಕ್ಕ. ಭೋಸರಿಯಲ್ಲಿ ಒಬ್ಬ ಲೇತ್‌ನವರು ಹಿತ್ತಾಳೆಯಲ್ಲಿ ಕಡೆದುಕೊಟ್ರು. ಬೆಲ್ಟ್ ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿಯಲ್ಲಿ ಸಿಕ್ತು. 180 ಗೆರೆಗಳ ಸ್ಟ್ರೋಬ್ ಡಿಸ್ಕನ್ನ ಕಾಗದದ ಮೇಲೆ ಪ್ರಿಂಟ್ ತೆಗೆದು, ಹಳೇ ಟ್ಯೂಬ್‌ಲೈಟ್ ಕೆಳಗೆ ತಿರುಗಿಸಿದೆ. ಗೆರೆಗಳು ನಿಂತಲ್ಲೇ ನಿಂತ ಹಾಗೆ ಕಂಡವು. ವೇಗ ಸರಿ ಇದೆ ಅಂತ ಅರ್ಥ.

ದೀಪಾವಳಿಗೆ ಧಾರವಾಡಕ್ಕೆ ಒಯ್ದೆ. ಅದೇ ಪ್ಲೇಟು ಹಾಕಿದೆ. ಅಪ್ಪ ಕಣ್ಮುಚ್ಚಿ ಕೂತ್ರು. ಒಂದು ಬದಿ ಪೂರ್ತಿ ಮುಗಿಯೋ ತನಕ ಮಾತಿಲ್ಲ. ಆಮೇಲೆ ನಾನು ಪುಲ್ಲಿ, 50, 60 ಎಲ್ಲ ವಿವರಿಸಿದೆ. ಅಪ್ಪ ಅಂದದ್ದು ಇಷ್ಟೇ: "ಅವಂದೇನೂ ತಪ್ಪಿರಲಿಲ್ಲ ಬಿಡು. ನಾ ಸುಮ್ಮನ..." ಅಂತ ಮುಂದೆ ಹೇಳಲಿಲ್ಲ. ಮಾವ ತೀರಿಕೊಂಡು ಆಗಲೇ ಹತ್ತು ವರ್ಷ ಆಗಿತ್ತು. ಮರುದಿನ ಅಪ್ಪ ಅತ್ತೆಗೆ ಫೋನ್ ಮಾಡಿ ಮನೆಗೆ ಕರೆದ್ರು.

ನಿಮ್ಮಲ್ಲಿ ಯಾರಾದ್ರೂ ಆನ್‌ಸೈಟ್‌ನಿಂದ ಹಳೇ ಟರ್ನ್‌ಟೇಬಲ್ ತರೋ ಯೋಚನೆಯಲ್ಲಿದ್ರೆ ಮೂರು ಮಾತು. ತಟ್ಟೆಯನ್ನ ಬಿಚ್ಚಿ ಬೇರೆ ಪ್ಯಾಕ್ ಮಾಡಿ. ಕಾರ್ಟ್ರಿಜ್ ಕಳಚಿ ಕೈಚೀಲದಲ್ಲಿಟ್ಕೊಳ್ಳಿ. ದುಡ್ಡು ಕೊಡೋ ಮೊದಲು ತಳ ತಿರುಗಿಸಿ, ವೋಲ್ಟ್ ಜೊತೆಗೆ ಹರ್ಟ್ಸ್ ಕೂಡ ಓದಿ. 60 ಮಾತ್ರ ಅಂತಿದ್ರೆ 50ರ ಪುಲ್ಲಿ ಸಿಗುತ್ತಾ ಅಂತ ವಿಚಾರಿಸಿ. ಮತ್ತೆ ಅಟ್ಟದ ಮೇಲೆ ಯಾರೋ ತಂದುಕೊಟ್ಟ, ಸರಿಯಾಗಿ ಹಾಡದ ಪೆಟ್ಟಿಗೆ ಇದ್ರೆ, ಈ ಸಲ ಊರಿಗೆ ಹೋದಾಗ ಅದನ್ನೂ ಒಮ್ಮೆ ತಿರುಗಿಸಿ ನೋಡಿ.