ಕಂಟೆಂಟ್-ಡಿಸ್ಪೊಸಿಷನ್

ಕಂಟೆಂಟ್-ಡಿಸ್ಪೊಸಿಷನ್ ಎಂಬುದು ಎಚ್‌ಟಿಟಿಪಿ ಪ್ರತಿಕ್ರಿಯೆಯೊಂದಿಗೆ ಸರ್ವರ್ ಕಳುಹಿಸುವ ಹೆಡರ್‌ಗಳಲ್ಲಿ ಒಂದು. ಬಂದ ಮಾಹಿತಿಯನ್ನು ಬ್ರೌಸರ್ ತೆರೆಯ ಮೇಲೆ ತೋರಿಸಬೇಕೇ ಅಥವಾ ಕಡತವಾಗಿ ಉಳಿಸಬೇಕೇ, ಉಳಿಸುವುದಾದರೆ ಯಾವ ಹೆಸರಿನಲ್ಲಿ ಎಂಬುದನ್ನು ಇದು ಸೂಚಿಸುತ್ತದೆ. ರಸೀದಿ, ಅಂಕಪಟ್ಟಿ, ಟಿಕೆಟ್ ಮೊದಲಾದವನ್ನು ಡೌನ್‌ಲೋಡ್‌ಗೆ ಒದಗಿಸುವ ಜಾಲತಾಣಗಳಲ್ಲಿ ಇದರ ಬಳಕೆ ಸಾಮಾನ್ಯ.

ಇತಿಹಾಸ

ಈ ಹೆಡರ್ ಮೊದಲು ರೂಪುಗೊಂಡದ್ದು ಇ-ಮೇಲ್‌ಗಾಗಿ. 1995ರ ಆರ್‌ಎಫ್‌ಸಿ 1806 ಇದನ್ನು ಪ್ರಾಯೋಗಿಕವಾಗಿ ವಿವರಿಸಿತು. 1997ರಲ್ಲಿ ಆರ್‌ಎಫ್‌ಸಿ 2183 ಅದರ ಸ್ಥಾನವನ್ನು ಪಡೆಯಿತು. 1999ರ ಎಚ್‌ಟಿಟಿಪಿ 1.1 ದಾಖಲೆಯು ಇದನ್ನು ಅನುಬಂಧದಲ್ಲಿ ಪ್ರಸ್ತಾಪಿಸಿದರೂ ಮಾನಕದ ಭಾಗವೆಂದು ಪರಿಗಣಿಸಲಿಲ್ಲ. ಎಚ್‌ಟಿಟಿಪಿಗೆ ಅನ್ವಯಿಸುವ ನಿಯಮಗಳನ್ನು 2011ರ ಆರ್‌ಎಫ್‌ಸಿ 6266 ನಿಗದಿಪಡಿಸಿತು.

ರಚನೆ

ಹೆಡರ್‌ನ ಮೊದಲ ಭಾಗದಲ್ಲಿ ಸಾಮಾನ್ಯವಾಗಿ ಎರಡು ಮೌಲ್ಯಗಳಲ್ಲಿ ಒಂದಿರುತ್ತದೆ. ‘ಇನ್‌ಲೈನ್’ ಎಂದಿದ್ದರೆ ಬ್ರೌಸರ್ ತನಗೆ ಸಾಧ್ಯವಿರುವ ಕಡತವನ್ನು ನೇರವಾಗಿ ತೋರಿಸುತ್ತದೆ. ‘ಅಟ್ಯಾಚ್‌ಮೆಂಟ್’ ಎಂದಿದ್ದರೆ ಅದನ್ನು ಉಳಿಸಲು ಮುಂದಾಗುತ್ತದೆ. ಅರ್ಧವಿರಾಮದ ಬಳಿಕ ಬರುವ ‘ಫೈಲ್‌ನೇಮ್’ ಎಂಬ ಅಂಶವು ಕಡತದ ಹೆಸರನ್ನು ನೀಡುತ್ತದೆ. ಇದು ಕೇವಲ ಸಲಹೆ. ಬಳಕೆದಾರರು ಹೆಸರನ್ನು ಬದಲಿಸಬಹುದು.

ಕನ್ನಡದ ಹೆಸರುಗಳು

ಆಸ್ಕಿಗೆ ಹೊರತಾದ ಅಕ್ಷರಗಳನ್ನು ಫೈಲ್‌ನೇಮ್‌ನಲ್ಲಿ ನೇರವಾಗಿ ಬರೆದರೆ ಹೆಸರು ಕೆಡುವ ಸಂಭವವಿದೆ. ಇದಕ್ಕಾಗಿ ನಕ್ಷತ್ರ ಚಿಹ್ನೆಯಿಂದ ಕೊನೆಗೊಳ್ಳುವ ಇನ್ನೊಂದು ಫೈಲ್‌ನೇಮ್ ಅಂಶವಿದ್ದು, ಅದರಲ್ಲಿ ಹೆಸರಿನ ಯುಟಿಎಫ್-8 ಬೈಟ್‌ಗಳನ್ನು ಶೇಕಡಾ ಚಿಹ್ನೆಯೊಂದಿಗೆ ಬರೆಯಲಾಗುತ್ತದೆ. ಉದಾಹರಣೆಗೆ, ‘ವರದಿ’ ಎಂಬ ಪದದಲ್ಲಿ 4 ಯೂನಿಕೋಡ್ ಸಂಕೇತಗಳಿವೆ. ಪ್ರತಿಯೊಂದಕ್ಕೂ 3 ಬೈಟ್‌ಗಳಂತೆ 12 ಬೈಟ್‌ಗಳಾಗಿ, ಹೆಡರ್‌ನಲ್ಲಿ 36 ಚಿಹ್ನೆಗಳಾಗುತ್ತವೆ. ಎರಡೂ ಅಂಶಗಳಿದ್ದಾಗ ನಕ್ಷತ್ರವುಳ್ಳದ್ದಕ್ಕೆ ಆದ್ಯತೆ. ಅದನ್ನು ಅರಿಯದ ಹಳೆಯ ತಂತ್ರಾಂಶಗಳಿಗಾಗಿ ಸರಳ ಆಸ್ಕಿ ಹೆಸರನ್ನೂ ಮೊದಲು ಕೊಡುವುದು ರೂಢಿ.

ಸುರಕ್ಷತೆ

ಬಳಕೆದಾರರು ಅಪ್‌ಲೋಡ್ ಮಾಡಿದ ಎಚ್‌ಟಿಎಂಎಲ್ ಅಥವಾ ಎಸ್‌ವಿಜಿ ಕಡತವನ್ನು ತಾಣದ ಸ್ವಂತ ವಿಳಾಸದಿಂದಲೇ ಇನ್‌ಲೈನ್ ಆಗಿ ತೋರಿಸಿದರೆ, ಅದರೊಳಗಿನ ಸ್ಕ್ರಿಪ್ಟ್ ಆ ತಾಣದ ಅಧಿಕಾರದಲ್ಲೇ ನಡೆಯುತ್ತದೆ. ಅದನ್ನು ತೆರೆದವರ ಖಾತೆಯ ಮಾಹಿತಿ ಅನ್ಯರ ಪಾಲಾಗಬಹುದು. ಆದ್ದರಿಂದ ಇಂತಹ ಕಡತಗಳನ್ನು ಅಟ್ಯಾಚ್‌ಮೆಂಟ್ ಆಗಿ, ಸರಿಯಾದ ಕಂಟೆಂಟ್-ಟೈಪ್ ಮತ್ತು ‘ನೋಸ್ನಿಫ್’ ಸೂಚನೆಯೊಂದಿಗೆ ಕಳುಹಿಸುವುದು ಸೂಕ್ತ. ಕಡತದ ಹೆಸರೂ ಬಳಕೆದಾರರಿಂದಲೇ ಬಂದಿದ್ದರೆ ಅದರಲ್ಲಿನ ಉದ್ಧರಣ ಚಿಹ್ನೆ, ಸಾಲು ಮುರಿಯುವ ಸಂಕೇತ ಹಾಗೂ ಫೋಲ್ಡರ್ ಹಾದಿಯನ್ನು ನಿವಾರಿಸಬೇಕು.

ಈ ಹೆಡರ್ ಕಡತದ ಗೋಪ್ಯತೆಯನ್ನು ಕಾಯುವುದಿಲ್ಲ. ಕೋರಿದವರಿಗೆ ಕಡತವನ್ನು ಪಡೆಯುವ ಹಕ್ಕಿದೆಯೇ ಎಂಬುದನ್ನು ಸರ್ವರ್ ಪ್ರತ್ಯೇಕವಾಗಿ ಪರಿಶೀಲಿಸಬೇಕು.

ಅಳವಡಿಕೆ

ಪಿಎಚ್‌ಪಿಯಲ್ಲಿ ‘ಹೆಡರ್’ ಫಂಕ್ಷನ್‌ನ ಮೂಲಕ ಇದನ್ನು ಕಳುಹಿಸಲಾಗುತ್ತದೆ. ಪುಟದ ಯಾವುದೇ ಭಾಗ ಹೊರಹೋಗುವ ಮೊದಲೇ ಈ ಕರೆ ನಡೆಯಬೇಕು. ಆರಂಭದಲ್ಲಿ ಉಳಿದ ಒಂದು ಖಾಲಿ ಸಾಲೂ ಅಡ್ಡಿಯಾಗಬಹುದು. ಜ್ಯಾಂಗೊದ ‘ಫೈಲ್‌ರೆಸ್ಪಾನ್ಸ್’, ಫ್ಲಾಸ್ಕ್‌ನ ‘ಸೆಂಡ್ ಫೈಲ್’ ಹಾಗೂ ಎಕ್ಸ್‌ಪ್ರೆಸ್‌ನ ‘ಡೌನ್‌ಲೋಡ್’ ಸೌಲಭ್ಯಗಳು ಹೆಡರನ್ನು ತಾವೇ ರಚಿಸಿಕೊಡುತ್ತವೆ.