ಗದಗ ಸೀಮೆಯ ಭಾವಚಿತ್ರ ಸ್ಟುಡಿಯೊಗಳು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿ ಇಂದು 1997ರಲ್ಲಿ ರಚನೆಯಾದ ಗದಗ ಜಿಲ್ಲೆಗೆ ಸೇರಿವೆ. ಸ್ವಾತಂತ್ರ್ಯಪೂರ್ವದಲ್ಲಿ ಗದಗ, ಮುಂಡರಗಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮೀರಜ್ ಸಂಸ್ಥಾನಕ್ಕೂ ಸೇರಿದ್ದವು. ಇಂಥ ಪಟ್ಟಣಗಳಲ್ಲಿ ಸಾಮಾನ್ಯರ ಮುಖಗಳನ್ನು ಮುಂದಿನ ಪೀಳಿಗೆಗೆ ಉಳಿಸಿಕೊಟ್ಟದ್ದು ಪೇಟೆಯ ಫೋಟೊ ಸ್ಟುಡಿಯೊ.

ಹಿನ್ನೆಲೆ

ಧಾರವಾಡ ಸೀಮೆಯಲ್ಲಿ ಕ್ಯಾಮೆರಾದ ಮೊದಲ ದೊಡ್ಡ ಕೆಲಸ ಗುಡಿಗಳದು, ಜನರದಲ್ಲ. ಮುಂಬಯಿ ಸರಕಾರಕ್ಕಾಗಿ 1855ರಲ್ಲಿ ಥಾಮಸ್ ಬಿಗ್ಸ್, ಅವನ ತರುವಾಯ ಡಾ. ಪಿಗೌ ಈ ಭಾಗದ ಶಿಲ್ಪಗಳನ್ನು ಚಿತ್ರಿಸಿದರು. ಇವರ ಹಾಗೂ ನೀಲ್ ಎಂಬಾತನ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪ ಪಡೆದವು. ಆಗಿನ ಹಸಿ ಗಾಜುಫಲಕವನ್ನು ಒಣಗುವ ಮುನ್ನವೇ ಸಂಸ್ಕರಿಸಬೇಕಿತ್ತು. ಸಿದ್ಧ ಒಣ ಫಲಕಗಳು ಬಂದ ಮೇಲೆ ಸಣ್ಣ ಊರಿನಲ್ಲೂ ಈ ಕಸುಬು ಸಾಧ್ಯವಾಯಿತು. 1880ರ ದಶಕದಲ್ಲಿ ಗದಗಿಗೆ ಬಂದ ರೈಲು ಇಂಥ ಸರಕಿಗೆ ದಾರಿ ತೆರೆಯಿತು.

ಕಸುಬಿನ ಬಗೆ

ವಿದ್ಯುತ್ ಇಲ್ಲದ ಕಾಲದಲ್ಲಿ ಸ್ಟುಡಿಯೊಗಳು ಹಗಲ ಬೆಳಕನ್ನೇ ನಂಬಿದ್ದವು. ಉತ್ತರ ದಿಕ್ಕಿನ ಕಿಟಕಿ ಅಥವಾ ಗಾಜಿನ ಮಾಡಿನಿಂದ ಬರುವ ಬೆಳಕು ನೆರಳನ್ನು ಮೃದುಗೊಳಿಸುತ್ತಿತ್ತು. ಹಿಂದೆ ಕಂಬ, ತೋಟ ಬರೆದ ಪರದೆ. ಪಕ್ಕದಲ್ಲಿ ಕುರ್ಚಿ, ಹೂದಾನಿ. ನೆಗೆಟಿವ್ ಮೇಲೆ ಸೀಸದಕಡ್ಡಿಯಿಂದ ಮುಖದ ಕಲೆ ಮುಚ್ಚುವ ‘ರಿಟಚಿಂಗ್’, ಮುದ್ರಿತ ಚಿತ್ರಕ್ಕೆ ಕೈಯಿಂದ ಬಣ್ಣ ತುಂಬುವುದು ಪ್ರತ್ಯೇಕ ಕೌಶಲಗಳೇ ಆಗಿದ್ದವು.

ಕನ್ಯೆ ತೋರಿಸಲು ಒಂದು ಚಿತ್ರ, ಮದುವೆಯಾದ ಮೇಲೆ ಜೋಡಿಚಿತ್ರ, ಪರೀಕ್ಷೆಯ ಅರ್ಜಿಗೆ ಪಾಸ್‌ಪೋರ್ಟ್ ಅಳತೆಯದು: ಹೀಗೆ ಬದುಕಿನ ಒಂದೊಂದು ಘಟ್ಟಕ್ಕೂ ಸ್ಟುಡಿಯೊ ಬೇಕಾಯಿತು. ಅನೇಕ ಮನೆಗಳಲ್ಲಿ ಗುಂಪುಚಿತ್ರದಿಂದ ಬೇರ್ಪಡಿಸಿ ಹಿಗ್ಗಿಸಿದ ಮುಖವೇ ತೀರಿಕೊಂಡ ಹಿರಿಯರ ಏಕೈಕ ಗುರುತು.

ಬದಲಾವಣೆ

1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಮುಂದೆ ದೇಶೀಯ ಕಪ್ಪು-ಬಿಳುಪು ಫಿಲ್ಮ್ ಒದಗಿಸಿತು. ಬಣ್ಣದ ಚಿತ್ರ ಬಂದಾಗ ಸಂಸ್ಕರಣೆ ದೊಡ್ಡ ಊರಿನ ಲ್ಯಾಬುಗಳ ಪಾಲಾಗಿ, ಸ್ಟುಡಿಯೊದ ಕತ್ತಲೆಕೋಣೆ ತನ್ನ ಮಹತ್ವ ಕಳೆದುಕೊಂಡಿತು. 2000ದ ನಂತರ ಡಿಜಿಟಲ್ ಕ್ಯಾಮೆರಾ, ಆಮೇಲೆ ಮೊಬೈಲು ಫಿಲ್ಮಿನ ಬಳಕೆಯನ್ನೇ ಬಹುಮಟ್ಟಿಗೆ ಕೊನೆಗೊಳಿಸಿದವು.

ಉಳಿಸಬೇಕಾದುದು

ಸ್ಟುಡಿಯೊ ಮುಚ್ಚಿದಾಗ ಮೊದಲು ನಾಶವಾಗುವುದು ನೆಗೆಟಿವ್‌ಗಳು. ತೇವ, ಬೂಸಲು, ಗೆದ್ದಲುಗಳ ಜೊತೆಗೆ ಬೆಳ್ಳಿಯ ಆಸೆಯೂ ಅವಕ್ಕೆ ಶತ್ರು. ಅವನ್ನು ಅಂಚು ಹಿಡಿದೇ ಎತ್ತಬೇಕು; ಆಮ್ಲರಹಿತ ಕಾಗದದ ಲಕೋಟೆಯಲ್ಲಿ ಒಣಜಾಗದಲ್ಲಿಡಬೇಕು. ನೆಗೆಟಿವ್‌ನಷ್ಟೇ ಬೆಲೆಯುಳ್ಳದ್ದು ಸ್ಟುಡಿಯೊದ ದಫ್ತರ. ಗಿರಾಕಿಯ ಹೆಸರು, ದಿನಾಂಕ ಬರೆದ ಆ ಪುಸ್ತಕ ರದ್ದಿಗೆ ಹೋದರೆ, ಚಿತ್ರ ಉಳಿದರೂ ಅದು ಯಾರದೆಂದು ಹೇಳುವವರಿರುವುದಿಲ್ಲ.